ಲವ್ ಬರ್ಡ್ ಮಂಕಾಗಿದೆಯೇ? ಮೊದಲು ಬಟ್ಟಲು ಊದಿ, ಆಮೇಲೆ ಪೇಪರ್ ನೋಡಿ

ಮೇ ತಿಂಗಳ ಕೊನೆ. ಶಿರಸಿ ಕಡೆ ಒಂದು ಉಪನಯನ ಮುಗಿಸಿಕೊಂಡು ಕಾರವಾರಕ್ಕೆ ವಾಪಸ್ ಬಂದು ಬಾಗಿಲು ತೆಗೆದರೆ ಮನೆ ಪೂರ್ತಿ ಸುಮ್ಮನಿತ್ತು. ನಮ್ಮ ಹಸಿರು ಹಕ್ಕಿ ಉಂಡೆಯ ಹಾಗೆ ಉಬ್ಬಿಕೊಂಡು, ಕಣ್ಣು ಅರ್ಧ ಮುಚ್ಚಿ, ಪಂಜರದ ತಳದಲ್ಲಿ ಕೂತಿತ್ತು. ಎರಡು ದಿನ ನೋಡಿಕೊಳ್ಳಲು ಪಕ್ಕದ ಮನೆ ಹುಡುಗನಿಗೆ ಹೇಳಿ ಹೋಗಿದ್ದೆ. ಅವನು ಓಡಿ ಬಂದ. "ಕಾಕಾ, ನಾ ದಿನಾ ನೋಡ್ದೆ. ಬಟ್ಲ ತುಂಬ ಕಾಳಿತ್ತು" ಅಂದ. ನಾನೂ ನೋಡಿದೆ. ಹೌದು, ತುಂಬಿತ್ತು. ಬಟ್ಟಲನ್ನು ಬಾಯಿ ಹತ್ತಿರ ತಂದು ಮೆಲ್ಲಗೆ ಊದಿದೆ. ಉಮಿ ಎಲ್ಲ ಹಾರಿ ನನ್ನ ಅಂಗಿ ಮೇಲೆ ಬಿತ್ತು. ತಳದಲ್ಲಿ ಉಳಿದಿದ್ದು ನಾಲ್ಕೇ ನಾಲ್ಕು ನವಣೆ ಕಾಳು.

ಹುಡುಗನ ತಪ್ಪೇನಿಲ್ಲ. ಗಿಳಿ ಜಾತಿಯ ಹಕ್ಕಿ ಕಾಳನ್ನು ಕೊಕ್ಕಿನಲ್ಲೇ ಸುಲಿಯುತ್ತದೆ. ತಿರುಳು ನುಂಗಿ, ಸಿಪ್ಪೆಯನ್ನು ಅದೇ ಬಟ್ಟಲಿಗೆ ಬೀಳಿಸುತ್ತದೆ. ಮೇಲಿಂದ ನೋಡಿದರೆ ಬಟ್ಟಲು ಯಾವಾಗಲೂ ತುಂಬಿದ ಹಾಗೇ ಕಾಣುತ್ತದೆ. ಆ ಹಕ್ಕಿ ಬದುಕಿತು. ಅವತ್ತಿನಿಂದ ಹಕ್ಕಿಗೆ ಏನೇ ಆದರೂ ನಾನು ಮೊದಲು ಮಾಡುವುದು ಖರ್ಚಿಲ್ಲದ ಕೆಲಸ. ಔಷಧಿ ಮಾತು ಆಮೇಲೆ.

ಇಲ್ಲಿ ಹೇಳುತ್ತಿರುವುದು ಸಣ್ಣ ವಿದೇಶಿ ಗಿಳಿಗಳ ಬಗ್ಗೆ. ನಮ್ಮ ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವುದು ಹೆಚ್ಚಾಗಿ ಬಡ್ಜಿಯನ್ನು. ಬೋರ್ಡಿನಲ್ಲಿ 'ಕಾಕ್‌ಟೇಲ್' ಎಂದು ಬರೆದಿದ್ದರೆ ಅದು ಕಾಕಟೀಲ್, ತಲೆ ಮೇಲೆ ಜುಟ್ಟಿರುವ ಹಕ್ಕಿ. ಇವೆರಡೂ ಆಸ್ಟ್ರೇಲಿಯಾದ ಒಣ ಒಳನಾಡಿನವು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಒಣ ಸೀಮೆಯ ಹಕ್ಕಿಯನ್ನು ತಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಸಾಕುತ್ತೇವೆ. ಕೆಳಗೆ ಬರುವ ತೊಂದರೆಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟುತ್ತವೆ.

ತೋಟದ ಪೊಟರೆಯಿಂದ ನಮ್ಮ ನಾಡಗಿಳಿಯ ಮರಿ ತೆಗೆದು ಸಾಕುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಮರಿ ಕೆಳಗೆ ಬಿದ್ದು ಸಿಕ್ಕಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಇವು ಕಂಡರೆ ಓದುತ್ತಾ ಕೂರಬೇಡಿ

ಸುಮ್ಮನೆ ಕೂತಾಗಲೂ ಬಾಯಿ ತೆರೆದು ಉಸಿರಾಡುವುದು (ಬೇಸಿಗೆಯ ಸೆಕೆಗೆ ಹಾಗಾಗಿದ್ದರೆ ಬೆಚ್ಚಗಿಡಬೇಡಿ, ಕೆಳಗೆ ಏಪ್ರಿಲ್, ಮೇ ಭಾಗ ನೋಡಿ). ನಿಲ್ಲದ ರಕ್ತ. ಫಿಟ್ಸ್. ಕೋಲಿನ ಮೇಲೆ ನಿಲ್ಲಲಾಗದೆ ಬೀಳುವುದು. ಹೆಣ್ಣು ಹಕ್ಕಿ ಬಾಲ ಬಗ್ಗಿಸಿ ತಿಣುಕುತ್ತಾ ಕೂತಿರುವುದು. ಬೆಕ್ಕು ಬಾಯಿ ಹಾಕಿದ್ದು ಅಥವಾ ಪರಚಿದ್ದು. ಬೆಕ್ಕಿನ ಗಾಯ ಸೂಜಿ ಮೊನೆಯಷ್ಟೇ ಇದ್ದರೂ ಸುಮ್ಮನೆ ಬಿಡಬೇಡಿ. ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಹಕ್ಕಿಯನ್ನು ಕೊಲ್ಲಬಹುದು. ಕೆಲವೇ ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು.

ಇಂಥ ಹೊತ್ತಿನಲ್ಲಿ ಹಕ್ಕಿಯನ್ನು ಕತ್ತಲೆಯ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ. ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಕೈಯಲ್ಲಿ ಹಿಡಿದು ನೋಡುವುದು ಬೇಡ. ಆ ಗಾಬರಿಗೇ ಅರ್ಧ ಜೀವ ಹೋಗುತ್ತದೆ.

ಉಗುರು ಕತ್ತರಿಸುವಾಗ ಸ್ವಲ್ಪ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಹೊಸದಾಗಿ ಮೂಡುತ್ತಿರುವ ರೆಕ್ಕೆ ಗರಿ ಮುರಿದು ರಕ್ತ ಸೋರುತ್ತಿದ್ದರೆ ಮಾತ್ರ ವೈದ್ಯರೇ ನೋಡಬೇಕು.

ಪುಕ್ಕ ಉಬ್ಬಿಸಿಕೊಂಡು ಮುದುಡಿ ಕೂತಿದೆ

ಬಟ್ಟಲು ಊದಿ ನೋಡಿದ್ದಾಯಿತಲ್ಲ? ಈಗ ನೀರು. ಕೊಳವೆಯ ಬಾಟಲಿ ಇದ್ದರೆ ತುದಿಯ ಗುಂಡನ್ನು ಬೆರಳಲ್ಲಿ ಒತ್ತಿ ನೋಡಿ, ಹನಿ ಬರಬೇಕು. ಎಷ್ಟೋ ಸಲ ಗುಂಡು ಕಚ್ಚಿಕೊಂಡಿರುತ್ತದೆ. ಬಾಟಲಿ ತುಂಬಾ ನೀರಿದ್ದರೂ ಹಕ್ಕಿ ಬಾಯಾರಿರುತ್ತದೆ. ಕಾಳಿಗೆ ಇರುವೆ ಮುತ್ತಿದೆಯಾ ನೋಡಿ. ಇರುವೆ ಇರುವ ಬಟ್ಟಲಿಗೆ ಬಡ್ಜಿ ಬಾಯಿ ಹಾಕುವುದಿಲ್ಲ. ಪಂಜರದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಕಾಟ ಮುಗಿಯುತ್ತದೆ. ನಮ್ಮಜ್ಜಿ ಬೆಲ್ಲದ ಡಬ್ಬಿಗೆ ಮಾಡುತ್ತಿದ್ದ ಉಪಾಯವೇ.

ಆಮೇಲೆ ಕಾಲು ನೋಡಿ. ಮಧ್ಯಾಹ್ನ ಒಂದು ಕಾಲು ಮಡಚಿ ಹೊಟ್ಟೆಗೆ ಸೇರಿಸಿಕೊಂಡು, ಪುಕ್ಕ ತುಸು ಉಬ್ಬಿಸಿ ತೂಕಡಿಸುತ್ತಿದ್ದರೆ ಅದು ನೆಮ್ಮದಿಯ ನಿದ್ದೆ. ಎರಡೂ ಕಾಲು ಊರಿಕೊಂಡು, ಮೈ ಮುಂದಕ್ಕೆ ಜೋತು, ನೀವು ಹತ್ತಿರ ಹೋದರೂ ಕಣ್ಣು ಅರ್ಧವೇ ತೆರೆದರೆ ಅದು ಕಾಯಿಲೆ. ಕೋಲು ಬಿಟ್ಟು ತಳಕ್ಕೆ ಇಳಿದಿದ್ದರೆ ಕಾಯಿಲೆ ಮುಂದೆ ಹೋಗಿದೆ ಎಂದೇ ಅರ್ಥ.

"ನಿನ್ನೆ ತನಕ ಚೆನ್ನಾಗೇ ಇತ್ತು" ಎನ್ನುವ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ನಿನ್ನೆ ಚೆನ್ನಾಗಿರಲಿಲ್ಲ, ಚೆನ್ನಾಗಿರುವ ಹಾಗೆ ನಟಿಸುತ್ತಿತ್ತು ಅಷ್ಟೆ. ಕಾಡಿನಲ್ಲಿ ಸೊರಗಿದ ಹಕ್ಕಿಯನ್ನೇ ಗಿಡುಗ ಮೊದಲು ಎತ್ತಿಕೊಂಡು ಹೋಗುವುದು. ಹಾಗಾಗಿ ಕೈಲಾಗುವವರೆಗೂ ಅವು ರೋಗ ತೋರಿಸಿಕೊಳ್ಳುವುದಿಲ್ಲ.

ಈ ನಟನೆಯನ್ನು ಹಿಡಿಯುವುದು ತಕ್ಕಡಿ. ಒಂದೊಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಅದರ ಮೇಲೆ ಸಣ್ಣ ಡಬ್ಬಿ ಇಟ್ಟು, ವಾರಕ್ಕೊಮ್ಮೆ ಬೆಳಿಗ್ಗೆ ಕಾಳು ಹಾಕುವ ಮೊದಲು ತೂಗಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ಬಡ್ಜಿ ಸಾಮಾನ್ಯವಾಗಿ 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 100 ಗ್ರಾಂ ತೂಗುತ್ತದೆ. 35 ಗ್ರಾಂ ಇದ್ದ ಬಡ್ಜಿ 31ಕ್ಕೆ ಇಳಿಯಿತು ಎಂದರೆ ಮೈಯ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಅಷ್ಟಾದರೆ ಬೇರೆ ಲಕ್ಷಣಕ್ಕೆ ಕಾಯಬೇಡಿ. ತಕ್ಕಡಿ ಇಲ್ಲದವರು ಎದೆ ಮುಟ್ಟಿ ನೋಡಬಹುದು. ನಡುವಿನ ಮೂಳೆಯ ಎರಡೂ ಬದಿ ಮಾಂಸ ತುಂಬಿರಬೇಕು. ಮೂಳೆ ಚಾಕುವಿನ ಬೆನ್ನಿನ ಹಾಗೆ ಕೈಗೆ ಸಿಕ್ಕರೆ ಹಕ್ಕಿ ಸುಮಾರು ದಿನದಿಂದ ಸೊರಗುತ್ತಿದೆ.

ಮನೆಯಲ್ಲಿ ಮಾಡಬಹುದಾದ ಒಂದೇ ಚಿಕಿತ್ಸೆ ಬೆಚ್ಚಗೆ ಇಡುವುದು. ಪಂಜರದ ಮೂರು ಬದಿಗೆ ಟವೆಲ್ ಹೊದಿಸಿ, ಒಂದು ಪಕ್ಕದಲ್ಲಿ ಮಾತ್ರ ಬಿಸಿ ಕೊಡಿ. ಒಳಗೆ ಸುಮಾರು 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ. ಸೆಕೆ ಅನ್ನಿಸಿದರೆ ಇನ್ನೊಂದು ಪಕ್ಕಕ್ಕೆ ಸರಿಯಲು ಜಾಗ ಬೇಕು. 40 ವ್ಯಾಟ್‌ನ, ಬಿಸಿಯಾಗುವ ಹಳೇ ಕಾಲದ ಬಲ್ಬ್ ಸಾಕು. ಅದು ಪಂಜರದ ಹೊರಗಿರಲಿ, ಬಟ್ಟೆಗೆ ತಾಗದಿರಲಿ. ನಮ್ಮಲ್ಲಿ ಜುಲೈನಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಕ್ಕದಲ್ಲಿಡುವುದೇ ಖಾತ್ರಿ. ಒಂದು ಗಂಟೆಯಲ್ಲಿ ಹಕ್ಕಿ ಮೈ ಕೊಡವಿ ಕಾಳಿನ ಕಡೆ ಹೋದರೆ ಒಂದು ದಿನ ಕಾದು ನೋಡಬಹುದು. ಹೋಗದಿದ್ದರೆ ಅವತ್ತೇ ವೈದ್ಯರ ಹತ್ತಿರ ಹೊರಡಿ.

ಬಾಯಿಗೆ ನೀರು ಹನಿಸಬೇಡಿ, ಉಸಿರಿನ ನಾಳಕ್ಕೆ ಇಳಿದರೆ ಅಲ್ಲಿಗೆ ಮುಗಿಯಿತು. ಅಂಗಡಿಯವರು ಕೊಡುವ 'ನೀರಿಗೆ ಹಾಕುವ ಪುಡಿ'ಯೂ ಬೇಡ. ನೀರೇ ಕುಡಿಯದ ಹಕ್ಕಿಗೆ ಅದು ಎಷ್ಟು ಹೋಯಿತು ಎಂದು ಯಾರಿಗೆ ಗೊತ್ತು? ಮನುಷ್ಯರ ಮಾತ್ರೆಯ ಚೂರಂತೂ ಬೇಡವೇ ಬೇಡ.

ಹಿಕ್ಕೆ ಬದಲಾಗಿದೆ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎರಡು ಪೇಪರ್ ನೋಡುತ್ತೇವೆ. ಒಂದು ಇವತ್ತಿನದು. ಇನ್ನೊಂದು ಪಂಜರದ ಕೆಳಗೆ ಹಾಸಿದ ನಿನ್ನೆಯದು. ಹಕ್ಕಿಯ ಸುದ್ದಿ ಇರುವುದು ಎರಡನೆಯದರಲ್ಲಿ. ಮರಳೋ ಮರದ ಹೊಟ್ಟೋ ಹಾಕಿದರೆ ಏನೂ ಕಾಣುವುದಿಲ್ಲ. ಪೇಪರೇ ಒಳ್ಳೆಯದು. ದಿನಾ ಬದಲಾಯಿಸಿ.

ಸರಿಯಾದ ಹಿಕ್ಕೆಯಲ್ಲಿ ಮೂರು ಭಾಗ. ಸುರುಳಿಯಾದ ಗಟ್ಟಿ ಹಸಿರು, ಅದರ ಮೇಲೆ ಸುಣ್ಣದಂಥ ಬಿಳಿ, ಸುತ್ತ ಸ್ವಲ್ಪ ನೀರು. ಬಡ್ಜಿ ದಿನಕ್ಕೆ ಮೂವತ್ತು ನಲವತ್ತು ಸಲ ಹಾಕುತ್ತದೆ. ಬೆಳಗಿನ ಮೊದಲನೆಯದು ದೊಡ್ಡದಿರುತ್ತದೆ. ಗಾಬರಿ ಬೇಡ.

ನೀರಿನ ವೃತ್ತ ದೊಡ್ಡದಾಗಿದೆ, ಆದರೆ ನಡುವಿನ ಹಸಿರು ಗಟ್ಟಿಯಾಗೇ ಇದೆಯೇ? ಅದು ಭೇದಿ ಅಲ್ಲ. ಸೌತೆಕಾಯಿ, ಕಲ್ಲಂಗಡಿ ತಿಂದಿರಬೇಕು, ಇಲ್ಲ ಹೆದರಿರಬೇಕು. ಒಂದು ದಿನ ಹಣ್ಣು ನಿಲ್ಲಿಸಿ. ಸರಿಹೋಗದೆ ವಾರಗಟ್ಟಲೆ ಹಾಗೇ ಇದ್ದು ಹಕ್ಕಿ ಜಾಸ್ತಿ ನೀರು ಕುಡಿಯುತ್ತಿದ್ದರೆ ತೋರಿಸಬೇಕು. ಹಸಿರು ಭಾಗವೇ ಕರಗಿ, ವಾಸನೆ ಬಂದು, ಬಾಲದ ಬುಡದ ಪುಕ್ಕಕ್ಕೆ ಮೆತ್ತಿಕೊಂಡಿದ್ದರೆ ಅದು ನಿಜವಾದ ಭೇದಿ. ಕರುಳಿನ ಸೋಂಕು ಇರಬಹುದು.

ಹಿಕ್ಕೆ ಚಿಕ್ಕದಾಗಿ, ಕಡುಹಸಿರಾಗಿ, ಅಂಟಂಟಾಗಿ, ಎಣಿಸಿದರೆ ಹತ್ತೂ ಇಲ್ಲ ಎಂದರೆ ಹಕ್ಕಿ ತಿನ್ನುತ್ತಿಲ್ಲ. ಕಾಳಿನ ಬಟ್ಟಲಲ್ಲಿ ತಲೆ ಅಲ್ಲಾಡಿಸಿ ತಿನ್ನುವ ಹಾಗೆ ತೋರಿಸಿಕೊಳ್ಳುವ ಹಕ್ಕಿಗಳಿವೆ. ಪೇಪರ್ ಸುಳ್ಳು ಹೇಳುವುದಿಲ್ಲ.

ಹಿಕ್ಕೆಯಲ್ಲಿ ಇಡೀ ಕಾಳು ಹಾಗೇ ಬರುತ್ತಿದೆ, ಹಕ್ಕಿ ದಿನವಿಡೀ ತಿಂದರೂ ಒಣಗುತ್ತಿದೆ. ಬಡ್ಜಿಗಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಹೊಟ್ಟೆಯಲ್ಲಿ ಬೆಳೆಯುವ ಒಂದು ಬಗೆಯ ಯೀಸ್ಟ್. ಹಸಿ ಹಿಕ್ಕೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅದು ಸಿಗುತ್ತದೆ. ದನದ ಆಸ್ಪತ್ರೆಯಲ್ಲೂ ಸೂಕ್ಷ್ಮದರ್ಶಕ ಇರುತ್ತದಲ್ಲ, ಕೇಳಿ ನೋಡಿ. ಸಾಮಾನ್ಯ ಆಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ. ಯೀಸ್ಟಿಗೇ ಬೇರೆ ಔಷಧಿ ಬೇಕು.

ಕಪ್ಪು ಡಾಂಬರಿನ ಹಾಗೆ ಅಥವಾ ಕೆಂಪಾಗಿ ಇದ್ದರೆ ರಕ್ತ. ನಿನ್ನೆ ಬೀಟ್‌ರೂಟ್ ಕೊಟ್ಟಿದ್ದಿರಾ ಎಂದು ಮಾತ್ರ ಮೊದಲು ನೆನಪು ಮಾಡಿಕೊಳ್ಳಿ. ಒಬ್ಬರು ರಾತ್ರಿ ಹತ್ತು ಗಂಟೆಗೆ ಅಳುತ್ತಾ ಫೋನ್ ಮಾಡಿದ್ದರು. ಅದು ಪಲ್ಯದ ಚೂರಿನ ಬಣ್ಣವಾಗಿತ್ತು. ಪಲ್ಯ ಕೊಟ್ಟಿದ್ದೂ ತಪ್ಪೇ. ಉಪ್ಪು, ಒಗ್ಗರಣೆ, ಈರುಳ್ಳಿ ಇವುಗಳಿಗೆ ಆಗುವುದಿಲ್ಲ.

ಬಿಳಿ ಭಾಗ ಹಳದಿ ಅಥವಾ ಎಲೆಹಸಿರು ಆಗಿದ್ದರೆ ಯಕೃತ್ತಿನ ತೊಂದರೆ ಇರಬಹುದು. ಗಿಳಿಜ್ವರವೂ ಇರಬಹುದು. ಈ ಜ್ವರ ಮನುಷ್ಯರಿಗೂ ಹರಡುತ್ತದೆ, ಅದೂ ಒಣಗಿದ ಹಿಕ್ಕೆಯ ಧೂಳಿನಿಂದ. ಅದಕ್ಕೇ ಪಂಜರವನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒರೆಸಿ. ಮನೆಯಲ್ಲಿ ಯಾರಿಗಾದರೂ ಜೋರು ಜ್ವರ, ತಲೆನೋವು, ಒಣಕೆಮ್ಮು ಬಂದು ಬಿಡದಿದ್ದರೆ, ಮನೆಯಲ್ಲಿ ಗಿಳಿ ಇದೆ ಎಂದು ಡಾಕ್ಟರಿಗೆ ಹೇಳಿ. ಅವರಾಗಿ ಕೇಳುವುದು ಕಡಿಮೆ. ಹಕ್ಕಿಗೆ ಇದರ ಔಷಧಿ ಒಂದೂವರೆ ತಿಂಗಳಷ್ಟು ದೀರ್ಘ. ಎರಡನೇ ವಾರಕ್ಕೇ ಚೆನ್ನಾಗಾಯಿತು ಎಂದು ನಿಲ್ಲಿಸುವ ಹಾಗಿಲ್ಲ.

ತಿಂದ ಕಾಳನ್ನು ಹೊರಗೆ ಹಾಕುತ್ತಿದೆ

ಗಂಡು ಬಡ್ಜಿ ತಲೆ ಮೇಲೆ ಕೆಳಗೆ ಕುಣಿಸಿ, ಕನ್ನಡಿಯ ಮುಂದೆ ಅಥವಾ ಜೊತೆಗಾತಿಯ ಬಾಯಿಗೆ ಕಾಳು ತಂದಿಟ್ಟರೆ ಅದು ಪ್ರೀತಿ. ಮುಖ ಚೊಕ್ಕಟವಾಗಿರುತ್ತದೆ, ಉತ್ಸಾಹವಿರುತ್ತದೆ. ಕನ್ನಡಿ ತೆಗೆದುಬಿಟ್ಟರೆ ನಿಲ್ಲುತ್ತದೆ. ವಾಂತಿಯಾದರೆ ಹಕ್ಕಿ ತಲೆಯನ್ನು ಅಕ್ಕಪಕ್ಕಕ್ಕೆ ಕೊಡವುತ್ತದೆ. ಲೋಳೆ ಸಿಡಿದು ತಲೆಯ ಪುಕ್ಕ ಅಂಟಿಕೊಂಡಿರುತ್ತದೆ, ಪಂಜರದ ಸರಳಿಗೂ ಕಾಳು ಮೆತ್ತಿರುತ್ತದೆ.

ವಾಂತಿ ಎಂದು ಖಾತ್ರಿಯಾದರೆ ಪಂಜರ ನೋಡಿ. ಸಮುದ್ರದ ಗಾಳಿಗೆ ಕಾರವಾರದಲ್ಲಿ ಕಿಟಕಿ ಸರಳೇ ತಡೆಯುವುದಿಲ್ಲ, ಅಗ್ಗದ ಪಂಜರ ಎಷ್ಟು ದಿನ ತಡೆದೀತು? ಜಿಂಕ್ ಲೇಪದ ತಂತಿಯ ಮೇಲೆ ಬಿಳಿ ಪುಡಿ ಎದ್ದಿದ್ದರೆ, ಹಕ್ಕಿ ಅದನ್ನು ಕೊಕ್ಕಿನಲ್ಲಿ ಉಜ್ಜುತ್ತಿದ್ದರೆ, ಜಿಂಕ್ ವಿಷವೇ ಹೊಟ್ಟೆಗೆ ಹೋಗುತ್ತಿರಬಹುದು. ಆ ಪಂಜರ ಬಿಡಿಸಿ. ಕರಾವಳಿಯಲ್ಲಿ ಸ್ಟೀಲಿನದು ಕೊಂಡರೆ ಒಂದೇ ಸಲದ ಖರ್ಚು. ಪಂಜರ ಚೆನ್ನಾಗಿದ್ದೂ ವಾಂತಿ ನಿಲ್ಲದಿದ್ದರೆ ಅದು ಗಂಟಲಿನ ಸೋಂಕೋ ಮೇಲೆ ಹೇಳಿದ ಯೀಸ್ಟೋ ಎಂದು ವೈದ್ಯರೇ ಹೇಳಬೇಕು.

ಬಾಲ ಉಸಿರಿನ ಜೊತೆ ಕುಣಿಯುತ್ತಿದೆ, ಸೀನು, ಗೊರಗೊರ

ಹಾರಿ ಬಂದು ಕೂತ ಹಕ್ಕಿಯ ಬಾಲ ಸ್ವಲ್ಪ ಹೊತ್ತು ಆಡುತ್ತದೆ. ಐದು ನಿಮಿಷ ಬಿಟ್ಟು ನೋಡಿ. ಸುಮ್ಮನೆ ಕೂತಾಗಲೂ ಒಂದೊಂದು ಉಸಿರಿಗೂ ಬಾಲ ಪಂಪಿನ ಹಾಗೆ ಮೇಲೆ ಕೆಳಗೆ ಆಗುತ್ತಿದ್ದರೆ ಹಕ್ಕಿ ಉಸಿರಿಗೆ ಒದ್ದಾಡುತ್ತಿದೆ.

ಮೊದಲು ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ. ಸೊಳ್ಳೆ ಕಾಯಿಲ್, ಊದುಬತ್ತಿ, ಧೂಪ, ಫಿನಾಯಿಲ್, ಸ್ಪ್ರೇ. ಶಿರಸಿ ಕಡೆಯ ಮನೆಗಳಲ್ಲಿ ಬಚ್ಚಲ ಒಲೆ ಹೊಗೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹೊಗೆ. ಆಯಿ ಮನೆಯಲ್ಲಿ ಪಂಜರ ಒಳಜಗಲಿಯಲ್ಲಿತ್ತು. ಬಚ್ಚಲ ಹೊಗೆ ನೇರ ಅಲ್ಲಿಗೇ ಬರುತ್ತಿತ್ತು. ಹೊರಜಗಲಿಗೆ ಸಾಗಿಸಿದ ಮೇಲೆ ಮೂರೇ ದಿನದಲ್ಲಿ ಸೀನು ನಿಂತಿತು.

ಅಡುಗೆಮನೆಯಲ್ಲಿ ಪಂಜರ ಇಡಲೇಬೇಡಿ. ನಾನ್‌ಸ್ಟಿಕ್ ತವಾ ಒಲೆ ಮೇಲೆ ಖಾಲಿಯಾಗಿ ಕಾದರೆ ಅದರ ಲೇಪದಿಂದ ಬರುವ ಅನಿಲಕ್ಕೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ನಮಗೆ ವಾಸನೆಯೂ ಗೊತ್ತಾಗದಿರಬಹುದು. ತೆಳ್ಳೇವು (ತೆಳು ದೋಸೆ) ಹುಯ್ಯುತ್ತಿದ್ದಾಗ ಫೋನ್ ಬಂತು, ತವಾ ಹಾಗೇ ಬಿಟ್ಟು ಹೊರಗೆ ಹೋದಿರಿ, ಅಷ್ಟು ಸಾಕು. ಅಜ್ಜಿಯ ಕಾಲದ ಬೀಡಿನ ಕಾವಲಿಗೆ ಈ ದೋಷ ಇಲ್ಲ.

ಹೊಗೆ ಇಲ್ಲ ಎಂದಾದರೆ ಕಾಳಿನ ಡಬ್ಬಿಗೆ ಮೂಗು ಹಾಕಿ. ಮುಗ್ಗಲು ವಾಸನೆ ಬರುತ್ತಿದೆಯಾ? ಕಾಳು ಗಂಟುಗಂಟಾಗಿ ಅಂಟಿಕೊಂಡಿದೆಯಾ? ಮಳೆಗಾಲದಲ್ಲಿ ಇದು ನಮ್ಮ ಕಡೆಯ ದೊಡ್ಡ ಶತ್ರು. ಬೂಷ್ಟಿನ ಕಣಗಳು ಹಕ್ಕಿಯ ಶ್ವಾಸಕೋಶಕ್ಕೂ ಗಾಳಿಚೀಲಕ್ಕೂ ಇಳಿದರೆ ಗುಣ ಮಾಡುವುದು ಬಹಳ ಕಷ್ಟ. ಬೂಷ್ಟು ಹಿಡಿದ ಕಾಳನ್ನು ತೊಳೆದು ಒಣಗಿಸಿ ಉಳಿಸಲು ನೋಡಬೇಡಿ, ಬಿಸಾಡಿ. ಬೂಷ್ಟು ಬಿಡುವ ವಿಷ ತೊಳೆದರೆ ಹೋಗುವುದಿಲ್ಲ. ಜೂನ್ ಬರುತ್ತಿದ್ದ ಹಾಗೆ ಐದು ಕಿಲೋ ಚೀಲ ಕೊಳ್ಳುವುದು ಬಿಟ್ಟು, ಅರ್ಧ ಕಿಲೋ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮೊಳಕೆ ಕಾಳು, ಸೊಪ್ಪು ಎರಡು ಮೂರು ಗಂಟೆಗಿಂತ ಹೆಚ್ಚು ಪಂಜರದಲ್ಲಿ ಬಿಡಬೇಡಿ.

ಮೂರನೆಯದು ಊಟ. ಬರೀ ನವಣೆ, ಸಜ್ಜೆ ತಿಂದು ಬೆಳೆದ ಹಕ್ಕಿಗೆ ಎ ಜೀವಸತ್ವ ಸಾಲದು. ಮೂಗು, ಗಂಟಲಿನ ಒಳಪದರ ಒರಟಾಗಿ ಮತ್ತೆ ಮತ್ತೆ ಸೋಂಕು ಬರುತ್ತದೆ. ಇದಕ್ಕೆ ಹಿತ್ತಲಲ್ಲೇ ಮದ್ದಿದೆ. ನುಗ್ಗೆ ಸೊಪ್ಪು, ಹರಿವೆ, ಕೊತ್ತಂಬರಿ, ತುರಿದ ಗಜ್ಜರಿ. ಹೊಸ ಸೊಪ್ಪಿಗೆ ಬಡ್ಜಿ ಹತ್ತು ದಿನ ಹೆದರುತ್ತದೆ. ಒದ್ದೆ ಸೊಪ್ಪನ್ನು ಸರಳಿಗೆ ಕಟ್ಟಿ ಸುಮ್ನೆ ಬಿಡಿ. ಹನ್ನೊಂದನೇ ದಿನ ಅದರ ಮೇಲೆ ಹೊರಳಾಡುತ್ತದೆ. ಆದರೆ ಬೆಣ್ಣೆಹಣ್ಣು, ಚಾಕೊಲೇಟ್ ಕೊಡಬೇಡಿ, ಅವು ವಿಷ. ಇನ್ನೊಂದು ಎಚ್ಚರಿಕೆ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಅಡಿಕೆ ತೋಟದ ನೆಲದಿಂದ ಸೊಪ್ಪು, ಹುಲ್ಲು ಕಿತ್ತು ತರಬೇಡಿ. ಅದರಲ್ಲಿರುವ ಮೈಲುತುತ್ತ ಮರದಿಂದ ತೊಟ್ಟಿಕ್ಕಿ ಕೆಳಗಿನ ಎಲ್ಲದರ ಮೇಲೂ ಕೂತಿರುತ್ತದೆ.

ಇವೆಲ್ಲ ಸರಿ ಇದ್ದೂ ಮೂಗಿನಿಂದ ನೀರು, ಗೊರಗೊರ ಸದ್ದು, ದನಿ ಒಡೆಯುವುದು ಇದ್ದರೆ ಒಂದು ದಿನವೂ ಕಾಯಬೇಡಿ. ಬಿಸಿನೀರ ಆವಿ, ಬಾಮ್, ನೀಲಗಿರಿ ಎಣ್ಣೆ ಯಾವುದನ್ನೂ ಹತ್ತಿರ ತರಬೇಡಿ.

ಪುಕ್ಕ ಉದುರುತ್ತಿದೆ

ಬಡ್ಜಿ ಮರಿ ಮೂರು ನಾಲ್ಕು ತಿಂಗಳಿಗೆ ಮೊದಲ ಸಲ ಪುಕ್ಕ ಬದಲಿಸುತ್ತದೆ. ಹಣೆಯ ಗೆರೆಗಳು ಹೋಗುವುದು ಆಗಲೇ. ಆಮೇಲೂ ವರ್ಷಕ್ಕೆ ಒಂದೆರಡು ಸಲ ಉದುರುತ್ತದೆ. ತಲೆ ಮೇಲೆ ಮುಳ್ಳಿನಂಥ ಹೊಸ ಪುಕ್ಕ ಎದ್ದಿದ್ದು, ಬೋಳು ಜಾಗ ಎಲ್ಲೂ ಇಲ್ಲದಿದ್ದರೆ ಚಿಂತೆ ಇಲ್ಲ.

ಬೋಳು ಇದ್ದರೆ ಎಲ್ಲಿದೆ ನೋಡಿ. ಎದೆ, ರೆಕ್ಕೆ ಕೆಳಗೆ ಬೋಳು, ತಲೆ ಮಾತ್ರ ಸುಂದರ ಎಂದರೆ ಹಕ್ಕಿ ತಾನೇ ಕಿತ್ತುಕೊಳ್ಳುತ್ತಿದೆ. ತನ್ನ ತಲೆ ತನ್ನ ಕೊಕ್ಕಿಗೆ ಸಿಗುವುದಿಲ್ಲ ಅಲ್ವಾ? ತಲೆಯೇ ಬೋಳಾದರೆ ಜೊತೆಯ ಹಕ್ಕಿಯ ಕೆಲಸ, ಬೇರೆ ಮಾಡಿ. ಹಳದಿ ಕಾಕಟೀಲ್‌ಗೆ ಜುಟ್ಟಿನ ಹಿಂದೆ ಹುಟ್ಟಿನಿಂದಲೇ ಬೋಳು ಇರುವುದುಂಟು, ಅದು ರೋಗವಲ್ಲ. ರಾತ್ರಿ ಕೆರೆದುಕೊಳ್ಳುತ್ತಿದ್ದರೆ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ, ಬೆಳಿಗ್ಗೆ ನೋಡಿ. ಕೆಂಪು ಚುಕ್ಕೆ ಓಡಾಡುತ್ತಿದ್ದರೆ ಅದು ಉಣ್ಣಿಯಂಥ ಸಣ್ಣ ಹುಳ. ನಾಯಿಗೆ ಹಾಕುವ ಪುಡಿ, ಸೀಮೆಎಣ್ಣೆ, ಬೇವಿನೆಣ್ಣೆ ಹಚ್ಚಬೇಡಿ. ಎಣ್ಣೆ ತಾಗಿದ ಪುಕ್ಕ ಮೈ ಬೆಚ್ಚಗಿಡುವುದಿಲ್ಲ. ಮರಿಯ ರೆಕ್ಕೆ, ಬಾಲದ ಗರಿಗಳು ಹುಟ್ಟುತ್ತಲೇ ಮುರಿದು ಬೀಳುತ್ತಿದ್ದರೆ ವೈರಸ್ ಇರಬಹುದು. ಉಳಿದ ಹಕ್ಕಿಗಳಿಂದ ಅವತ್ತೇ ದೂರ ಇಡಿ.

ಕೊಕ್ಕಿನ ಸುತ್ತ ಸುಣ್ಣ ಮೆತ್ತಿದ ಹಾಗಿದೆ

ಕೊಕ್ಕಿನ ಬುಡ, ಕಣ್ಣಿನ ಸುತ್ತ, ಕಾಲಿನ ಮೇಲೆ ಬೂದು ಬಣ್ಣದ ಒರಟು. ಹತ್ತಿರದಿಂದ ನೋಡಿದರೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ತೂತು. ಇದು ಚರ್ಮ ಕೊರೆಯುವ ಹುಳ. ನೋಡಲು ಭಯಂಕರ, ಗುಣವಾಗುವುದು ಸುಲಭ. ವೈದ್ಯರು ಐವರ್‌ಮೆಕ್ಟಿನ್ ಹನಿಯನ್ನು ತೂಕ ನೋಡಿ ಕೆಲವು ವಾರ ಹಾಕುತ್ತಾರೆ. ದನಕ್ಕೆ ತಂದಿಟ್ಟ ಐವರ್‌ಮೆಕ್ಟಿನ್ ಮನೆಯಲ್ಲಿದೆ ಎಂದು ನೀವೇ ಹಾಕಿದರೆ 35 ಗ್ರಾಂ ಹಕ್ಕಿ ಉಳಿಯುವುದಿಲ್ಲ.

ವಯಸ್ಸಿಗೆ ಬಂದ ಹೆಣ್ಣು ಬಡ್ಜಿಯ ಮೂಗಿನ ಪಟ್ಟಿ (ಕೊಕ್ಕಿನ ಮೇಲೆ ಮೂಗಿನ ತೂತುಗಳಿರುವ ಜಾಗ) ಕಂದಾಗಿ ಸಿಪ್ಪೆ ಏಳುವುದು ಸಹಜ. ನೀಲಿ ಮೂಗಿನ ಗಂಡಿಗೆ ಅದೇ ಪಟ್ಟಿ ಕಂದಾದರೆ ಸಹಜವಲ್ಲ. ವೃಷಣದ ಗೆಡ್ಡೆಯ ಸೂಚನೆ ಇರಬಹುದು.

ಹೆಣ್ಣು ಹಕ್ಕಿ ಮೂಲೆಯಲ್ಲಿ ತಿಣುಕುತ್ತಿದೆ

ಹೊಟ್ಟೆ ಕೆಳಗೆ ಊದಿದೆ, ಕಾಲು ಅಗಲ ಮಾಡಿ ತೂರಾಡುತ್ತಿದೆ, ಹಿಕ್ಕೆ ಬರುತ್ತಿಲ್ಲ. ಮೊಟ್ಟೆ ಸಿಕ್ಕಿಕೊಂಡಿದೆ. ಗಂಡು ಜೊತೆಯಲ್ಲಿ ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ನೆನಪಿರಲಿ. ವೈದ್ಯರಿಗೆ ಫೋನ್ ಮಾಡಿ, ಅಷ್ಟರಲ್ಲಿ ಒದ್ದೆ ಟವೆಲ್ ಪಕ್ಕದಲ್ಲಿಟ್ಟು ಬೆಚ್ಚಗಿನ, ತೇವದ ಗಾಳಿ ಕೊಡಿ. ಒಂದೆರಡು ಗಂಟೆಯಲ್ಲಿ ಬಾರದಿದ್ದರೆ ವೈದ್ಯರು ಕ್ಯಾಲ್ಸಿಯಂ ಚುಚ್ಚಬೇಕಾಗಬಹುದು. ಹೊಟ್ಟೆ ಒತ್ತಬೇಡಿ. ಒಳಗೆ ಮೊಟ್ಟೆ ಒಡೆದರೆ ಹಕ್ಕಿ ಸಾಯುತ್ತದೆ.

ಇದಕ್ಕೆ ಮುಖ್ಯ ಕಾರಣ ಕ್ಯಾಲ್ಸಿಯಂ ಕೊರತೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಕಟ್ಲ್‌ಬೋನ್ ನಮ್ಮ ಕಡಲ ದಂಡೆಯಲ್ಲಿ ಪುಕ್ಕಟೆ ಸಿಗುತ್ತದೆ. ಅಂಗೈ ಉದ್ದದ, ದೋಣಿಯಾಕಾರದ, ಉಗುರಿನಿಂದ ಕೆರೆದರೆ ಪುಡಿಯಾಗುವ ಬಿಳಿ ಚಿಪ್ಪು. ಆಯುರ್ವೇದದವರು ಸಮುದ್ರಫೇನ ಎನ್ನುವುದು ಇದನ್ನೇ. ನಾನು ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ತಿರುಗಾಡುವಾಗ ಆರಿಸಿ ತರುತ್ತೇನೆ. ಜಿಡ್ಡು ಮೆತ್ತಿದ್ದನ್ನು ಬಿಟ್ಟು, ಚೊಕ್ಕ ಇರುವುದನ್ನು ನಾಲ್ಕೈದು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ಬಿಡಿಸಿ, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಮೆತ್ತನೆ ಬದಿ ಹಕ್ಕಿಯ ಕಡೆ ಬರುವ ಹಾಗೆ ಕಟ್ಟುತ್ತೇನೆ. ಬೆಳಗಿನ ಎಳೆ ಬಿಸಿಲೂ ಬೇಕು. ಬಿಸಿಲಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ.

ಏಪ್ರಿಲ್, ಮೇ: ರೆಕ್ಕೆ ಅಗಲಿಸಿ ಏದುಸಿರು

ಹಕ್ಕಿಗೆ ಬೆವರಿಲ್ಲ. ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ನಿಂತಿದ್ದರೆ ಸೆಕೆ ತಡೆಯುತ್ತಿಲ್ಲ. ಕೂಡಲೇ ನೆರಳಿಗೆ ತನ್ನಿ. ಕಾಲು, ರೆಕ್ಕೆಯ ಅಡಿಗೆ ತಣ್ಣೀರು ಚಿಮುಕಿಸಿ. ಐಸ್ ಬೇಡ, ಫ್ಯಾನ್ ನೇರ ಮುಖಕ್ಕೆ ಬೇಡ. ಹತ್ತು ನಿಮಿಷದಲ್ಲಿ ಬಾಯಿ ಮುಚ್ಚಬೇಕು. ಮುಚ್ಚದಿದ್ದರೆ ಆಸ್ಪತ್ರೆ. ಬಾಲ್ಕನಿಯಲ್ಲಿ ಎಂಟು ಗಂಟೆಗೆ ಇದ್ದ ನೆರಳು ಹನ್ನೊಂದಕ್ಕೆ ಇರುವುದಿಲ್ಲ ಎಂಬುದನ್ನು ಮರೆತೇ ಜಾಸ್ತಿ ಹಕ್ಕಿ ಹೋಗುವುದು.

ಕಿರುಚುತ್ತದೆ, ಕಚ್ಚುತ್ತದೆ, ರಾತ್ರಿ ಪಟಪಟ ಹೊಡೆದುಕೊಳ್ಳುತ್ತದೆ

ರಾತ್ರಿ ಹನ್ನೊಂದರವರೆಗೆ ಟಿವಿ ಮುಂದೆ ಪಂಜರ ಇದ್ದರೆ ಕಿರುಚದೆ ಇನ್ನೇನು? ಹತ್ತರಿಂದ ಹನ್ನೆರಡು ಗಂಟೆ ಕತ್ತಲೆ, ಸದ್ದಿಲ್ಲದ ಜಾಗ ಬೇಕು. ನೀವು ಕೋಣೆ ಬಿಟ್ಟು ಹೋದಾಗ ಕೂಗಿದರೆ "ಎಲ್ಲಿದೀಯಾ" ಎಂದು ಕೇಳುತ್ತಿದೆ. ಅಲ್ಲಿಂದಲೇ ಒಂದು ಸಿಳ್ಳೆ ಹಾಕಿದರೆ ಸಾಕು. ಕಾಕಟೀಲ್ ನಡುರಾತ್ರಿ ಬೆಚ್ಚಿಬಿದ್ದು ಸರಳಿಗೆ ಬಡಿದುಕೊಳ್ಳುವುದಕ್ಕೆ ಹಲ್ಲಿ, ಮಿಂಚು, ಬೆಕ್ಕು ಕಾರಣ. ಚಿಕ್ಕ ರಾತ್ರಿದೀಪ ಹಚ್ಚಿಡಿ. ಯಾವತ್ತೂ ಕಚ್ಚದ ಹಕ್ಕಿ ಇದ್ದಕ್ಕಿದ್ದಂತೆ ಕಚ್ಚಿದರೆ ಎಲ್ಲೋ ನೋವಿದೆ. ಹಿಂದೆ ಹೇಳಿದ ತಕ್ಕಡಿಗೆ ವಾಪಸ್ ಹೋಗಿ.

ಅಂಗಡಿಯಿಂದಲೇ ರೋಗ ತರದಿರಲು

ಪಂಜರದ ಹತ್ತಿರ ಹೋಗಬೇಡಿ. ನಾಲ್ಕು ಮಾರು ದೂರ ನಿಂತು ಹತ್ತು ನಿಮಿಷ ನೋಡಿ. ಹತ್ತಿರ ಹೋದರೆ ಕಾಯಿಲೆ ಹಕ್ಕಿಯೂ ಪುಕ್ಕ ಬಿಗಿದು ಚುರುಕಾಗಿಬಿಡುತ್ತದೆ. ಗುಂಪಿನಲ್ಲಿ ಒಂದು ಮುದುಡಿ ಕೂತಿದ್ದರೂ ಆ ಪಂಜರದ ಯಾವ ಹಕ್ಕಿಯೂ ಬೇಡ. ಪಾಪ ಅನ್ನಿಸಿ ಅದನ್ನೇ ತರುವವರಿದ್ದಾರೆ. ಮನೆಯಲ್ಲಿ ಬೇರೆ ಹಕ್ಕಿ ಇದ್ದರೆ ಆ ಪಾಪಕ್ಕೆ ಬೆಲೆ ತೆರುವುದು ಅವು.

ಬಾಲದ ಬುಡ ಚೊಕ್ಕಟ ಇರಬೇಕು, ಮೂಗಿನ ಎರಡೂ ತೂತು ಒಣಗಿ ಸಮ ಇರಬೇಕು. ಹಣೆಯ ಗೆರೆಗಳು ಮೂಗಿನ ಪಟ್ಟಿಯವರೆಗೆ ಬಂದಿದ್ದರೆ ಮರಿ, ಪಳಗಿಸಲು ಸುಲಭ. ಬೆಳೆದ ಬಡ್ಜಿಯಲ್ಲಿ ನೀಲಿ ಪಟ್ಟಿ ಗಂಡು, ಕಂದು ಅಥವಾ ಬಿಳಿಚು ಹೆಣ್ಣು. ಪೂರ್ತಿ ಹಳದಿ, ಪೂರ್ತಿ ಬಿಳಿ ಗಂಡುಗಳಿಗೆ ಪಟ್ಟಿ ನಸುಗೆಂಪೇ ಇರುತ್ತದೆ, ಅಲ್ಲಿ ಮೋಸ ಹೋಗಬೇಡಿ. ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ ಬದುಕಬಹುದು. ಮಗಳು ಹೈಸ್ಕೂಲಿಗೆ ಹೋಗುವಾಗ ತಂದರೆ ಅವಳ ಮದುವೆ ಆದ ಮೇಲೂ ಸಾಕುವುದು ನೀವೇ. ಸನ್ ಕನೂರ್‌ನಂಥ ವಿದೇಶಿ ಗಿಳಿ ತರುವುದಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು, ಮಾರುವವರಿಂದ ಕಾಗದ ಕೇಳಿ ಪಡೆಯಿರಿ.

ಪಂಜರ ಎತ್ತರಕ್ಕಿಂತ ಅಗಲ ಇರಲಿ, ಬಡ್ಜಿಗೆ ಸರಳಿನ ಸಂದು ಅರ್ಧ ಇಂಚು ದಾಟದಿರಲಿ. ಅದರ ಜೊತೆ ಬರುವ ಪ್ಲಾಸ್ಟಿಕ್ ಕೋಲು ತೆಗೆದು ಪೇರಲೆ ಗೆಲ್ಲು ಹಾಕಿ. ದಪ್ಪ ಸಣ್ಣ ಇರುವ ಗೆಲ್ಲಿನ ಮೇಲೆ ಕೂತರೆ ಪಾದದ ಅಡಿಗೆ ಹುಣ್ಣಾಗುವುದಿಲ್ಲ. ಹೊಸ ಹಕ್ಕಿಯನ್ನು ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ. ಹಳೆಯದಕ್ಕೆ ಮೊದಲು ಕಾಳು ಹಾಕಿ, ಹೊಸದಕ್ಕೆ ಆಮೇಲೆ, ಕೈ ತೊಳೆದುಕೊಂಡು.

ಘಟ್ಟ ಹತ್ತುವ ಮುನ್ನ

ನಮ್ಮ ಜಿಲ್ಲೆಯ ಪಶು ಆಸ್ಪತ್ರೆಗಳಲ್ಲಿ ದಿನಾ ಬರುವುದು ದನ, ಎಮ್ಮೆ, ನಾಯಿ. ಹಕ್ಕಿ ನೋಡುತ್ತೀರಾ ಎಂದು ಮೊದಲೇ ಫೋನಿನಲ್ಲಿ ಕೇಳಿ. ಆರೋಗ್ಯವಾಗಿದ್ದಾಗಲೇ ಒಂದು ನಂಬರ್ ಹುಡುಕಿಟ್ಟುಕೊಳ್ಳುವುದು ಜಾಣತನ. ಕಾರವಾರದವರು ಗೋವಾ ಕಡೆಗೋ ಹುಬ್ಬಳ್ಳಿಗೋ, ಶಿರಸಿಯವರು ಹುಬ್ಬಳ್ಳಿಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಹೋಗಬೇಕಾಗಬಹುದು. ಅರಬೈಲ್ ಘಟ್ಟದ ತಿರುವುಗಳಲ್ಲಿ ದೊಡ್ಡ ಪಂಜರ, ತೂಗಾಡುವ ಉಯ್ಯಾಲೆ, ಚೆಲ್ಲುವ ನೀರು ಬೇಡ. ಚಪ್ಪಲಿ ಡಬ್ಬಿಗೆ ತೂತು ಮಾಡಿ, ತಳಕ್ಕೆ ಮಡಚಿದ ಟವೆಲ್ ಹಾಸಿ, ಒಂದು ಚಿಟಿಕೆ ಕಾಳು, ನೀರಿನ ಬದಲು ಸೌತೆಕಾಯಿಯ ಒಂದು ಬಿಲ್ಲೆ ಇಡಿ. ಎಸಿ ಗಾಳಿ, ಕಿಟಕಿ ಗಾಳಿ ಡಬ್ಬಿಗೆ ನೇರ ಬಡಿಯದಿರಲಿ.

ಜೊತೆಗೆ ತೂಕ ಬರೆದ ಕ್ಯಾಲೆಂಡರ್ ಹಾಳೆಯ ಫೋಟೋ, ತಿನ್ನಿಸುವ ಕಾಳಿನ ಒಂದು ಹಿಡಿ, ಮತ್ತು ನಿನ್ನೆ ರಾತ್ರಿಯಿಂದ ಪಂಜರದ ಕೆಳಗಿದ್ದ ಪೇಪರನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಿ. ಮೊದಲ ಸಲ ನಾನು ಆ ಚೀಲ ಮೇಜಿನ ಮೇಲಿಟ್ಟಾಗ ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. ಹಕ್ಕಿಯನ್ನು ಹೊರಗೆ ತೆಗೆಯುವ ಮೊದಲೇ ಪೇಪರ್ ಬಿಚ್ಚಿ ಬೆಳಕಿಗೆ ಹಿಡಿದರು.